ಉಲ್ಟಾ ಮಗ್ಗುಲು

ಲ್ಯಾಬ್ ಕೋಟಿನ ನಡುವಿನ ಗುಂಡಿ ಕಿತ್ತುಬಂದದ್ದು ಎರಡನೇ ವರ್ಷದ ಮೊದಲ ಸೆಮಿಸ್ಟರಿನಲ್ಲಿ. ಮರುದಿನ ಬೆಳಗ್ಗೆ ಪ್ರಾಕ್ಟಿಕಲ್ ಇತ್ತು. ಕೋಟು ತೆರೆದುಕೊಂಡು ಬರ್ನರ್ ಮುಂದೆ ನಿಲ್ಲುವ ಹಾಗಿಲ್ಲ. ಹಾಸ್ಟೆಲಿಗೆ ಹೊರಡುವಾಗ ಅಮ್ಮ ಬ್ಯಾಗಿನ ಮೂಲೆಗೆ ಒಂದು ಚಿಕ್ಕ ಡಬ್ಬಿ ತುರುಕಿದ್ದು ನೆನಪಾಯಿತು. ತೆಗೆದು ನೋಡಿದೆ. ನಾಲ್ಕು ಸೂಜಿ, ಬಿಳಿ ಮತ್ತು ಕಪ್ಪು ದಾರದ ಎರಡು ರೀಲು, ಮೂರು ಸೇಫ್ಟಿ ಪಿನ್ನು. ಅಲ್ಲಿಯವರೆಗೆ ನಾನು ಸೂಜಿ ಹಿಡಿದದ್ದೇ ಇಲ್ಲ.

ದಾರ ಉದ್ದ ಇದ್ದರೆ ಮತ್ತೆ ಮತ್ತೆ ಪೋಣಿಸುವ ಕೆಲಸ ತಪ್ಪುತ್ತದೆ ಅಂದುಕೊಂಡು ಎರಡು ಮೊಳಕ್ಕೂ ಜಾಸ್ತಿ ಎಳೆದುಕೊಂಡೆ. ಮೂರನೇ ಸಲ ಚುಚ್ಚುವಾಗಲೇ ದಾರ ಸುತ್ತಿಕೊಂಡು ಗಂಟು ಬಿತ್ತು. ಬಿಡಿಸಿದೆ. ಮತ್ತೆ ಬಿತ್ತು. ಕೊನೆಗೆ ಗುಂಡಿಯನ್ನು ಬಟ್ಟೆಗೆ ಒತ್ತಿ, ದಾರವನ್ನು ಬಿಗಿಯಾಗಿ ಎಳೆದು ಮುಗಿಸಿದೆ. ಗುಂಡಿ ಅಲುಗಾಡುತ್ತಿರಲಿಲ್ಲ. ಆದರೆ ಕಾಜಾದೊಳಗೆ ಹಾಕಿದಾಗ ಕೋಟಿನ ಎದೆಯೆಲ್ಲ ಸುಕ್ಕು ಬಿತ್ತು. ಮಿಕ್ಕ ಗುಂಡಿಗಳ ಹತ್ತಿರ ಬಟ್ಟೆ ಸಪಾಟಾಗಿತ್ತು. ನನ್ನ ಗುಂಡಿಯ ಹತ್ತಿರ ಮಾತ್ರ ಹಿಡಿದೆಳೆದ ಹಾಗಿತ್ತು.

ಏನು ವ್ಯತ್ಯಾಸ ಅಂತ ನೋಡಲು ಕೋಟನ್ನು ಬಿಚ್ಚಿ ಉಲ್ಟಾ ಮಾಡಿದೆ. ಮೊದಲಿಂದ ಇದ್ದ ಗುಂಡಿಗಳ ಹಿಂದೆ ಬಟ್ಟೆ ಒಂದೇ ಪದರ ಇರಲಿಲ್ಲ. ಮಡಿಸಿ, ನಡುವೆ ಗಟ್ಟಿ ಬಟ್ಟೆ ಇಟ್ಟು ಹೊಲಿದಿದ್ದರು. ಮುಂದಿನ ಮಗ್ಗುಲಿನಲ್ಲಿ ಗುಂಡಿಗೂ ಬಟ್ಟೆಗೂ ನಡುವೆ ಒಂದು ಸಣ್ಣ ಕತ್ತು ಇತ್ತು, ದಾರದ್ದೇ ಕತ್ತು. ಮೇಲೆ ಬಂದು ಕೂರುವ ಕಾಜಾ ಪಟ್ಟಿಗೂ ದಪ್ಪ ಇರುತ್ತದೆ ಅಲ್ವಾ? ಅದಕ್ಕೆ ಜಾಗ ಬೇಕು. ಆ ಜಾಗವೇ ಕತ್ತು.

ನನ್ನ ಹೊಲಿಗೆ ಬಿಚ್ಚಿದೆ. ಈ ಸಲ ಮೊಣಕೈಯಿಂದ ಬೆರಳ ತುದಿಯಷ್ಟು, ಸುಮಾರು 45 ಸೆಂಟಿಮೀಟರ್ ಉದ್ದದ ದಾರ ಸಾಕಾಯಿತು. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು ಅದರ ಮೇಲಿಂದ ಹೊಲಿದೆ. ಕಡ್ಡಿ ಎಳೆದು ತೆಗೆದಾಗ ದಾರ ಸಡಿಲವಾಯಿತು. ಗುಂಡಿಯನ್ನು ಮೇಲೆತ್ತಿ, ಅದರ ಕೆಳಗೆ ದಾರವನ್ನು ಐದಾರು ಸುತ್ತು ಸುತ್ತಿ, ಹಿಂದೆ ತಂದು ಗಂಟು ಹಾಕಿದೆ. ಆ ಗುಂಡಿ ಇವತ್ತಿಗೂ ಇದೆ. ಆಮೇಲೆ ಬೇರೆ ಎರಡು ಗುಂಡಿ ಬಿದ್ದವು, ಅದು ಬಿದ್ದಿಲ್ಲ.

ಆ ರಾತ್ರಿಯೇ ನನ್ನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಉಲ್ಟಾ ಮಾಡಿ ನೋಡುತ್ತ ಕೂತೆ. ಇಷ್ಟು ವರ್ಷ ಮೈಮೇಲೆ ಇದ್ದ ಬಟ್ಟೆಗಳ ಒಳಮಗ್ಗುಲು ನನಗೆ ಪರಿಚಯವೇ ಇರಲಿಲ್ಲ. ಜೀನ್ಸಿನ ಕಾಲಿನಲ್ಲಿ ಎರಡು ಸಾಲು ಹೊಲಿಗೆ ಇರುತ್ತದೆ. ಅದು ಅಲಂಕಾರಕ್ಕೆ ಅಂತ ತಿಳಿದಿದ್ದೆ. ಒಳಗೆ ನೋಡಿದರೆ ಎರಡು ಬಟ್ಟೆಗಳ ಅಂಚು ಒಂದರೊಳಗೊಂದು ಮಡಚಿಕೊಂಡು ಕೂತಿವೆ, ಕತ್ತರಿಸಿದ ತುದಿ ಎಲ್ಲೂ ಕಾಣುವುದಿಲ್ಲ. ಎಳೆ ಹೊರಡುವುದಕ್ಕೆ ದಾರಿಯೇ ಇಲ್ಲ. ಟೀ ಶರ್ಟಿನಲ್ಲಿ ಹೊಲಿಗೆ ಬೇರೆ ಥರ, ಮೂರ್ನಾಲ್ಕು ದಾರ ಬಲೆಯ ಹಾಗೆ ಅಂಚನ್ನು ಸುತ್ತಿವೆ. ಬಟ್ಟೆ ಎಳೆದರೆ ಹೊಲಿಗೆಯೂ ಎಳೆಯುತ್ತದೆ. ಅದು ಹಿಗ್ಗದಿದ್ದರೆ ತಲೆ ತೂರಿಸುವಾಗಲೇ ಪಟ್ಟನೆ ಹರಿಯುತ್ತಿತ್ತು. ಹೊರಗಡೆ ನೋಡಿದರೆ ಬಣ್ಣ ಮತ್ತು ಆಕಾರ ಕಾಣುತ್ತದೆ. ಹೇಗೆ ಮಾಡಿದರು ಅನ್ನುವುದು ಕಾಣುವುದು ಒಳಗಡೆ.

ಮೊದಲ ಸ್ವಂತ ಕೆಲಸ ಒಂದು ಪುಟ್ಟ ಪೌಚು. ಅದಕ್ಕೆ ಬಟ್ಟೆ ಕತ್ತರಿಸುವ ಕೆಲಸವೂ ಹೆಚ್ಚು ಇರಲಿಲ್ಲ. ಕಾಲರ್ ಸವೆದುಹೋದ ಒಂದು ತುಂಬುತೋಳಿನ ಶರ್ಟು ಇತ್ತು. ಅದರ ತೋಳಿನ ತುದಿಯ ಪಟ್ಟಿಯನ್ನು, ಅಂದರೆ ಕಫ್ ಅನ್ನು, ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ತೆಗೆದೆ. ಕಫ್ಫಿನ ಒಂದು ತುದಿಯಲ್ಲಿ ಗುಂಡಿ, ಇನ್ನೊಂದು ತುದಿಯಲ್ಲಿ ಕಾಜಾ. ಗುಂಡಿ ಇರುವ ತುದಿಯನ್ನು ಕೆಳಗಿಂದ ಮೇಲಕ್ಕೆ ಮಡಿಸಿದೆ, ಗುಂಡಿ ಹೊರಗೆ ಕಾಣುವ ಹಾಗೆ. ಕಾಜಾ ಇರುವ ತುದಿಯನ್ನು ಅದರ ಮೇಲೆ ಮುಚ್ಚಳದ ಹಾಗೆ ಇಳಿಸಿದೆ. ಗುಂಡಿ ಹಾಕಿದರೆ ಪೌಚು ಮುಚ್ಚಿತು. ಮುಚ್ಚಳ ಬಿಟ್ಟು ಎರಡು ಪಕ್ಕಗಳನ್ನು ಅಂಚಿಗೆ ಅಂಚು ಸೇರಿಸಿ ಸುತ್ತುಹೊಲಿಗೆಯಲ್ಲಿ ಹೊಲಿದೆ. ಕಾಲೇಜಿನ ಗುರುತಿನ ಚೀಟಿ, ಬ್ಯಾಂಕ್ ಕಾರ್ಡಿನ ಅಳತೆಯದೇ, ಸುಮಾರು 8.5 ಸೆಂಟಿಮೀಟರ್ ಉದ್ದ 5.4 ಸೆಂಟಿಮೀಟರ್ ಅಗಲ. ಕಫ್ಫಿನ ಅಗಲ 7 ಸೆಂಟಿಮೀಟರ್ ಇತ್ತು. ಕಾರ್ಡು ಸಲೀಸಾಗಿ ಇಳಿಯಿತು.

ಹೊಸದಾಗಿ ಹೊಲಿಯಲು ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಂಗಡಿಗೆ ಹೋಗಿ ಹೊಸ ಬಟ್ಟೆ ತರಬೇಡಿ. ಹಳೆಯ ಶರ್ಟು ಹತ್ತಾರು ಸಲ ನೀರು ಕಂಡಿರುತ್ತದೆ, ಇನ್ನು ಕುಗ್ಗುವುದಿಲ್ಲ. ಮೆತ್ತಗಿರುತ್ತದೆ, ಸೂಜಿ ಸುಲಭವಾಗಿ ಇಳಿಯುತ್ತದೆ. ಅದರಲ್ಲಿ ಯಾರೋ ಚೆನ್ನಾಗಿ ಬಲ್ಲವರು ಮಾಡಿದ ಕೆಲಸ ಆಗಲೇ ಇರುತ್ತದೆ. ಕಾಜಾ ಹೊಲಿಯುವುದು ಕಷ್ಟದ ಕೆಲಸ. ಅದು ಸಿದ್ಧವಾಗಿ ಸಿಕ್ಕರೆ ಯಾಕೆ ಬಿಡಬೇಕು? ಜೇಬೂ ಹಾಗೇ. ಬೆನ್ನಿನ ಭಾಗದಲ್ಲಿ ಅಗಲವಾದ ಬಟ್ಟೆ ಹೊಲಿಗೆಯೇ ಇಲ್ಲದೆ ಸಿಗುತ್ತದೆ.

ಕತ್ತರಿಯ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಒಂದು ಒಳ್ಳೆಯ ಕತ್ತರಿ ಇರಲಿ, ಅದರಲ್ಲಿ ಕಾಗದ ಕತ್ತರಿಸಬೇಡಿ. ಕಾಗದ ಅಲುಗನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಜಗಿಯುತ್ತದೆ. ನನ್ನದರ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ರೂಮಿನಲ್ಲಿ ಎಲ್ಲರಿಗೂ ಗೊತ್ತು, ಕೆಂಪು ದಾರ ಇದ್ದರೆ ಬಟ್ಟೆಗೆ ಮಾತ್ರ.

ಪೌಚು ಆದ ಮೇಲೆ ಹೊಲಿಗೆಗಳನ್ನು ಸರಿಯಾಗಿ ಕಲಿಯಬೇಕು ಅನ್ನಿಸಿತು. ಒಂದು ಭಾನುವಾರ ಶರ್ಟಿನ ಉಳಿದ ತೋಳಿನಿಂದ ನಾಲ್ಕು ಪಟ್ಟಿ ಕತ್ತರಿಸಿದೆ. ಎರಡು ಪಟ್ಟಿಗಳನ್ನು ಸಾದಾ ಹೊಲಿಗೆಯಲ್ಲಿ ಜೋಡಿಸಿದೆ. ಸೂಜಿ ಒಳಗೆ, ಹೊರಗೆ, ಒಳಗೆ, ಹೊರಗೆ ಅಂತ ಮುಂದೆ ಹೋಗುವ ಹೊಲಿಗೆ. ಇನ್ನೆರಡನ್ನು ಹಿಂಹೊಲಿಗೆಯಲ್ಲಿ ಜೋಡಿಸಿದೆ. ಅದರಲ್ಲಿ ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ಎದ್ದು ಬರಬೇಕು. ಆಮೇಲೆ ಎರಡನ್ನೂ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದೆ. ಸಾದಾ ಹೊಲಿಗೆಯ ಜೋಡಣೆ ಬಾಯಿ ಬಿಟ್ಟು, ಅದರ ನಡುವಿನಿಂದ ಬೆಳಕು ಕಂಡಿತು. ಹಿಂಹೊಲಿಗೆ ಅಲ್ಲಾಡಲಿಲ್ಲ. ನಂತರ ಎರಡರಲ್ಲೂ ನಡುವಿನ ಒಂದು ಹೊಲಿಗೆಯನ್ನು ಬೇಕಂತಲೇ ಕತ್ತರಿಸಿದೆ. ಸಾದಾ ಹೊಲಿಗೆಯಲ್ಲಿ ದಾರ ಜಾರಿ ಸಾಲೇ ಸಡಿಲವಾಯಿತು. ಹಿಂಹೊಲಿಗೆಯಲ್ಲಿ ತೂತು ಅಷ್ಟಕ್ಕೇ ನಿಂತಿತು.

ಹಿಂಹೊಲಿಗೆಯ ಪಟ್ಟಿಯನ್ನು ತಿರುಗಿಸಿದಾಗ ಹಿಂದುಗಡೆ ದಾರ ಒಂದರ ಮೇಲೊಂದು ಹತ್ತಿ ಹಗ್ಗದ ಹಾಗೆ ಕಂಡಿತು. ಮುಂದೆ ನೋಡಿದರೆ ಮೆಷಿನ್ ಹೊಲಿಗೆ ಥರ ನೀಟಾದ ಒಂದು ಗೆರೆ. ದಾರ ಹೀಗೆ ಒಂದರ ಮೇಲೊಂದು ಹತ್ತುವುದರಿಂದಲೇ ಅದು ಗಟ್ಟಿ. ಅವತ್ತಿನಿಂದ ಭಾರ ಬೀಳುವ ಕಡೆಗೆಲ್ಲ ಹಿಂಹೊಲಿಗೆ, ತಾತ್ಕಾಲಿಕವಾಗಿ ಹಿಡಿದಿಡುವುದಕ್ಕೆ ಮಾತ್ರ ಸಾದಾ ಹೊಲಿಗೆ. ಆ ಎರಡು ಪಟ್ಟಿಗಳನ್ನು ನೋಟ್ ಪುಸ್ತಕದಲ್ಲಿ ಅಂಟಿಸಿಟ್ಟುಕೊಂಡಿದ್ದೇನೆ.

ಲಾಡಿ ಚೀಲದ ಕಥೆ ಸ್ವಲ್ಪ ಉದ್ದ. ಲಾಡಿ ಎಳೆದರೆ ಬಾಯಿ ಮುಚ್ಚುವ, ಒಗೆಯುವ ಬಟ್ಟೆ ಹಾಕಿಡುವ ಚೀಲ ಬೇಕಿತ್ತು. ಅದಕ್ಕೆ ಗಟ್ಟಿ ಹತ್ತಿ ಬಟ್ಟೆ ತಂದೆ, ತಂದವಳೇ ಕತ್ತರಿಸಿ, ಕೈಯಲ್ಲೇ ಹೊಲಿದು ಮುಗಿಸಿದೆ. ಮೂರು ಸಂಜೆ ಹಿಡಿಯಿತು. ನೋಡಲು ಚೆನ್ನಾಗಿತ್ತು. ಮೊದಲ ಸಲ ಒಗೆದಾಗ ಚೀಲ ಒಂದು ಕಡೆಗೆ ತಿರುಚಿಕೊಂಡಿತು. ಬಟ್ಟೆ ಕುಗ್ಗಿತು, ದಾರ ಕುಗ್ಗಲಿಲ್ಲ, ಹೊಲಿಗೆಯ ಸಾಲು ಅಲೆ ಅಲೆಯಾಯಿತು. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5 ಭಾಗ ಕುಗ್ಗುವುದು ಸಾಮಾನ್ಯ. 80 ಸೆಂಟಿಮೀಟರ್ ಬಟ್ಟೆಯಲ್ಲಿ ಅದು 4 ಸೆಂಟಿಮೀಟರ್ ತನಕ ಆಗಬಹುದು. ಕತ್ತರಿಸುವ ಮೊದಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಬೇಕಿತ್ತು.

ಕುಗ್ಗಿದ್ದಕ್ಕೆ ಕಾರಣ ಸಿಕ್ಕಿತು, ತಿರುಚಿದ್ದಕ್ಕೆ ಸಿಗಲಿಲ್ಲ. ಚೀಲವನ್ನು ಉಲ್ಟಾ ಮಾಡಿ ಕಿಟಕಿಯ ಬೆಳಕಿಗೆ ಹಿಡಿದೆ. ಬಟ್ಟೆಯ ಎಳೆಗಳು ಚೀಲದ ಪಕ್ಕಕ್ಕೆ ನೇರವಾಗಿ ಇರಲಿಲ್ಲ, ಓರೆಯಾಗಿ ಹೋಗುತ್ತಿದ್ದವು. ಹಾಸು ಹೊಕ್ಕು ಅನ್ನುವ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೆ. ಅದು ಮಗ್ಗದ ಮಾತು ಅನ್ನುವುದು ನನಗೆ ಅವತ್ತು ಕಣ್ಣಿಗೆ ಕಂಡಿತು. ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಲಾಗಿ ನುಗ್ಗುವ ಎಳೆ ಹೊಕ್ಕು. ಹಾಸಿನ ಗುಂಟ ಬಟ್ಟೆ ಎಳೆದು ನೋಡಿ, ಹೆಚ್ಚು ಜಗ್ಗುವುದಿಲ್ಲ. ಹೊಕ್ಕಿನ ಗುಂಟ ಸ್ವಲ್ಪ ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ, 45 ಡಿಗ್ರಿ ಓರೆಯಲ್ಲಿ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಎಳೆಗಳನ್ನು ಗಮನಿಸದೆ ಕತ್ತರಿಸಿದರೆ ಬಟ್ಟೆ ತನಗೆ ಬೇಕಾದ ಕಡೆ ತಿರುಗಿಕೊಳ್ಳುತ್ತದೆ.

ನೇರವಾಗಿ ಕತ್ತರಿಸುವುದಕ್ಕೆ ಒಂದು ಸೊಗಸಾದ ಉಪಾಯ ಇದೆ. ಬಟ್ಟೆಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ, ಒಂದೇ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ಮೆಲ್ಲಗೆ ಎಳೆಯುತ್ತ ಹೋಗಬೇಕು. ಎಳೆ ಹೊರಬಂದ ಜಾಗದಲ್ಲಿ ತೆಳುವಾದ ಗೆರೆಯೊಂದು ಮೂಡುತ್ತದೆ. ಆ ಗೆರೆಯ ಮೇಲೆ ಕತ್ತರಿ ಓಡಿಸಿದರೆ ಆಯಿತು. ಸ್ಕೇಲು, ಸೀಮೆಸುಣ್ಣ ಯಾವುದೂ ಬೇಡ. ನನಗೆ ಈ ಕೆಲಸ ಎಷ್ಟು ಹಿಡಿಸಿತು ಅಂದರೆ, ಬೇಕಿಲ್ಲದ ಚೂರುಗಳಲ್ಲೂ ಸುಮ್ನೆ ಎಳೆ ಎಳೆದು ನೋಡುತ್ತಿದ್ದೆ.

ಎರಡನೇ ಚೀಲಕ್ಕೆ ಬಟ್ಟೆ ಒಗೆದೆ. ಎಳೆ ಎಳೆದು ನೇರ ಮಾಡಿಕೊಂಡೆ. 33 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದ. ಅಡ್ಡಲಾಗಿ ಮಧ್ಯಕ್ಕೆ ಮಡಿಸಿದರೆ ಅಡಿಭಾಗಕ್ಕೆ ಹೊಲಿಗೆಯೇ ಬೇಡ. ಪಕ್ಕಗಳಿಗೆ ಈ ಸಲ ಬೇರೆ ಹೊಲಿಗೆ ಹಾಕಿದೆ. ಮಾಮೂಲಾಗಿ ಎರಡು ಬಟ್ಟೆಗಳ ಸೀದಾ ಮಗ್ಗುಲು ಎದುರುಬದುರು ಇಟ್ಟು ಹೊಲಿಯುತ್ತೇವೆ. ಇದರಲ್ಲಿ ಮೊದಲು ಉಲ್ಟಾ ಮಗ್ಗುಲು ಎದುರುಬದುರು. ಮನಸ್ಸು ಒಪ್ಪುವುದಿಲ್ಲ, ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಲೇ ಇರುತ್ತದೆ. ಅಂಚಿನಿಂದ 6 ಮಿಲಿಮೀಟರ್ ಬಿಟ್ಟು ಹೊಲಿದು, ಹೊರಗೆ ಉಳಿದ ಅಂಚನ್ನು 3 ಮಿಲಿಮೀಟರಿಗೆ ಕತ್ತರಿಸಬೇಕು. ಆಮೇಲೆ ಚೀಲವನ್ನು ತಿರುಗಿಸಿ, ಹೊಲಿಗೆಯ ಮೇಲೆ ಇಸ್ತ್ರಿ ಎಳೆದು, ಮತ್ತೆ 9 ಮಿಲಿಮೀಟರ್ ಬಿಟ್ಟು ಇನ್ನೊಂದು ಸಾಲು. ಕತ್ತರಿಸಿದ ಅಂಚು ಎರಡು ಸಾಲುಗಳ ನಡುವೆ ಸಿಕ್ಕಿಕೊಂಡು ಒಳಗೂ ಕಾಣುವುದಿಲ್ಲ, ಹೊರಗೂ ಕಾಣುವುದಿಲ್ಲ. ಇದಕ್ಕೆ ಫ್ರೆಂಚ್ ಸೀಮ್ ಅನ್ನುತ್ತಾರೆ. ಮುಗಿದ ಮೇಲೆ ಚೀಲವನ್ನು ಒಳಗೆ ಹೊರಗೆ ಮಾಡಿ ಎಷ್ಟು ಸಲ ನೋಡಿದೆನೋ. ಎರಡೂ ಕಡೆ ಅಷ್ಟೇ ಚೆಂದ.

ಆದರೆ ಆ ಖುಷಿಯಲ್ಲಿ ಪಕ್ಕಗಳನ್ನು ತುದಿಯ ತನಕ ಹೊಲಿದುಬಿಟ್ಟಿದ್ದೆ. ಲಾಡಿ ಹೋಗಬೇಕಾದ ಬಾಯಿಯೇ ಇರಲಿಲ್ಲ. ಮೇಲಿನ 8 ಸೆಂಟಿಮೀಟರ್ ಹೊಲಿಯದೆ ಬಿಡಬೇಕಿತ್ತು. ಆ ಸೀಳಿನ ಅಂಚುಗಳನ್ನು ಮಡಿಸಿ ಹೊಲಿದುಕೊಂಡು, ನಂತರ ಮೇಲಿನ ಅಂಚನ್ನು ಮೊದಲು 1 ಸೆಂಟಿಮೀಟರ್, ಮತ್ತೆ 3 ಸೆಂಟಿಮೀಟರ್ ಮಡಿಸಿ ಹೊಲಿದರೆ ಲಾಡಿಗೆ ಸುರಂಗ ಸಿದ್ಧವಾಗುತ್ತದೆ. ನಾನು ಎರಡೂ ಪಕ್ಕ, ಎರಡೆರಡು ಸಾಲು ಬಿಚ್ಚಬೇಕಾಯಿತು. ಸಣ್ಣ ಹೊಲಿಗೆಗಳು. ಮೂರು ನಾಲ್ಕು ಹೊಲಿಗೆಗೆ ಒಂದರಂತೆ ಸೂಜಿಯಿಂದ ಎತ್ತಿ ಕತ್ತರಿಸುತ್ತ ಹೋಗಿ, ತಿರುಗಿಸಿ ಹಿಂದಿನ ದಾರ ಎಳೆದರೆ ತುಂಡು ತುಂಡಾಗಿ ಬಿಚ್ಚಿಕೊಂಡು ಬರುತ್ತದೆ. ಅವಸರದಲ್ಲಿ ಎರಡು ಬಟ್ಟೆಗಳನ್ನು ಹಿಡಿದು ಹರಿದರೆ ಬಟ್ಟೆಯೇ ಸೀಳುತ್ತದೆ. ಅವತ್ತು ನನಗೆ ಬೇಸರ ಆಗಿದ್ದು ನಿಜ. ಅರ್ಧ ಗಂಟೆ ಬಿಟ್ಟು ಬಂದು ಕೂತಾಗ ಕೈ ಶಾಂತವಾಗಿತ್ತು. ಬಿಚ್ಚುವುದೂ ಹೊಲಿಗೆಯ ಒಂದು ಭಾಗ ಅಂತ ಈಗ ಸಮಯ ಲೆಕ್ಕ ಹಾಕುವಾಗಲೇ ಅದನ್ನು ಸೇರಿಸಿಕೊಳ್ಳುತ್ತೇನೆ.

ಲಾಡಿ ಎರಡು ಹಾಕಿದೆ. ಒಂದನ್ನು ಎಡಗಡೆಯಿಂದ ತೂರಿಸಿ ಇಡೀ ಬಾಯಿ ಸುತ್ತಿಸಿ ಎಡಕ್ಕೇ ತರುವುದು, ಇನ್ನೊಂದನ್ನು ಬಲದಿಂದ ತೂರಿಸಿ ಬಲಕ್ಕೇ ತರುವುದು. ಲಾಡಿಯ ತುದಿಗೆ ಸೇಫ್ಟಿ ಪಿನ್ನು ಸಿಕ್ಕಿಸಿದರೆ ಸುರಂಗದೊಳಗೆ ಅದನ್ನು ಬೆರಳಿಂದಲೇ ತಳ್ಳಿಕೊಂಡು ಹೋಗಬಹುದು. ಎರಡೂ ಕಡೆ ಎಳೆದಾಗ ಬಾಯಿ ಸಮನಾಗಿ ಮುಚ್ಚಿತು.

ಸೆಮಿಸ್ಟರ್ ರಜೆಯಲ್ಲಿ ಚಿಕ್ಕಮ್ಮನ ಮನೆಗೆ ಹೋದೆ. ಅವರ ಹತ್ತಿರ ಕಾಲಲ್ಲಿ ತುಳಿಯುವ ಮೆಷಿನ್ ಇದೆ. ಮೊದಲ ದಿನ ಅವರು ದಾರವನ್ನೇ ಕೊಡಲಿಲ್ಲ. ಹಳೆಯ ಸೂಜಿ ಹಾಕಿ, ಗೆರೆ ಇರುವ ಕಾಗದ ಕೊಟ್ಟು, "ಗೆರೆ ಮೇಲೇ ತೂತು ಬೀಳಬೇಕು ನೋಡು ಮರಿ, ಆಚೆ ಈಚೆ ಹೋಗಬಾರ್ದು" ಅಂದರು. ಕಾಲಿನ ಲಯ ಸಿಗುವುದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಚಕ್ರ ಹಿಂದಕ್ಕೆ ತಿರುಗಿದರೆ ದಾರ ಹರಿಯುತ್ತದೆ. ಅದಕ್ಕೇ ಮೊದಲು ಕೈಯಿಂದ ಚಕ್ರವನ್ನು ನಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು ಸೇರಿಸಬೇಕು.

ಮರುದಿನ ಬಟ್ಟೆ, ದಾರ ಸಿಕ್ಕಿತು. ಹತ್ತು ಹೊಲಿಗೆ ಹೋಗುವುದರೊಳಗೆ ಬಟ್ಟೆ ನಿಂತುಬಿಟ್ಟಿತು. ತಿರುಗಿಸಿ ನೋಡಿದರೆ ಕೆಳಗೆ ದಾರದ ಗೂಡು. ಕೆಳಗೆ ತಾನೇ ತೊಂದರೆ ಅಂದುಕೊಂಡು ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ, ತೆಗೆದು ಮತ್ತೆ ಹಾಕಿದೆ. ಮತ್ತೆ ಗೂಡು. ಮೂರನೇ ಸಲ ಚಿಕ್ಕಮ್ಮ ಬಂದು ಮೇಲಿನ ದಾರವನ್ನು ಪೂರ್ತಿ ತೆಗೆದರು, ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಿದರು, ಮತ್ತೆ ದಾರ ಪೋಣಿಸಿದರು. ಗೂಡು ಮಾಯ. ಪಾದ ಕೆಳಗಿದ್ದಾಗ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳು ಒತ್ತಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೇ ಜಾರುತ್ತದೆ. ಮೇಲಿನ ದಾರಕ್ಕೆ ಹಿಡಿತ ಇಲ್ಲದಿದ್ದರೆ ಅದು ಕೆಳಗೆ ಹೋಗಿ ರಾಶಿ ಬೀಳುತ್ತದೆ. ಕೆಳಗೆ ಗಲೀಜು ಕಂಡರೆ ತಪ್ಪು ಮೇಲೆ ಇರುತ್ತದೆ. ಮೇಲೆ ಬಾಬಿನ್ ದಾರದ ಚುಕ್ಕೆಗಳು ಎದ್ದು ಕಂಡರೆ ಮೇಲಿನ ದಾರ ಜಾಸ್ತಿ ಬಿಗಿ, ಇಲ್ಲವೇ ಬಾಬಿನ್ ದಾರ ಸಡಿಲ. ಸರಿಯಾದ ಹೊಲಿಗೆಯಲ್ಲಿ ಎರಡು ದಾರಗಳೂ ಬಟ್ಟೆಯ ದಪ್ಪದ ಮಧ್ಯದಲ್ಲಿ ಕೊಂಡಿ ಹಾಕಿಕೊಳ್ಳುತ್ತವೆ.

ಆ ಕೊಂಡಿ ಹೇಗೆ ಬೀಳುತ್ತದೆ ಅಂತ ನೋಡಲು ಮುಚ್ಚಳ ತೆಗೆದು ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದೆ. ಕೈಸೂಜಿಗೆ ಕಣ್ಣು ಹಿಂದೆ, ಮೆಷಿನ್ ಸೂಜಿಗೆ ಕಣ್ಣು ಚೂಪು ತುದಿಯ ಹತ್ತಿರ. ಸೂಜಿ ಕೆಳಗಿಳಿದು ಸ್ವಲ್ಪ ಮೇಲೇರುವಾಗ ದಾರ ಒಂದು ಕುಣಿಕೆಯಾಗಿ ಉಬ್ಬುತ್ತದೆ. ಕೆಳಗಿನ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿದು ಬಾಬಿನ್ನನ್ನೇ ಸುತ್ತಿಸಿ ಬಿಡುತ್ತದೆ. ಅಷ್ಟೇ, ಎರಡು ದಾರ ಬೆಸೆದವು. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಎರಡು ದಾರದ ಈ ಹೊಲಿಗೆಗೆ ಎಲಿಯಾಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಚಿಕ್ಕಮ್ಮನ ಮೆಷಿನ್ನಿನ ಹೊಟ್ಟೆಯೊಳಗೆ ಈಗಲೂ ನಡೆಯುತ್ತಿರುವುದು ಅದೇ ಕೆಲಸ. ನಾನು ಎಷ್ಟು ಹೊತ್ತು ಚಕ್ರ ತಿರುಗಿಸುತ್ತ ಕೂತಿದ್ದೆನೋ, ಎದ್ದಾಗ ಕಾಲು ಜೋಮು ಹಿಡಿದಿತ್ತು.

ರಜೆಯಲ್ಲಿ ಮಾಡಿದ ದೊಡ್ಡ ಕೆಲಸ ಜೀನ್ಸಿನ ಚೀಲ. ಮಂಡಿ ಹರಿದ ಹಳೆಯ ಜೀನ್ಸ್, ಹರಿದ ಭಾಗ ಬಿಟ್ಟು ಕಾಲುಗಳನ್ನು ಬಿಡಿಸಿ ಜೋಡಿಸಿದೆ. ಸೊಂಟಪಟ್ಟಿಯನ್ನು ಇಡಿಯಾಗಿ ಕತ್ತರಿಸಿ ಹೆಗಲಪಟ್ಟಿ ಮಾಡಿಕೊಂಡೆ. ಕಫ್ಫಿನ ಹಾಗೆ ಅದೂ ಸಿದ್ಧ ಸರಕು, ನಾಲ್ಕು ಬೆರಳಗಲ, ಎರಡು ಪದರ, ಅಂಚೆಲ್ಲ ಹೊಲಿದದ್ದು. ತೊಂದರೆ ಬಂದದ್ದು ಕಾಲಿನ ಆ ಎರಡು ಸಾಲಿನ ಹೊಲಿಗೆಯನ್ನು ಅಡ್ಡ ದಾಟುವಾಗ. ಆ ಜಾಗದಲ್ಲೇ ನಾಲ್ಕು ಪದರ. ಅಂಥ ಎರಡು ಒಂದರ ಮೇಲೊಂದು ಬಂದರೆ ಎಂಟು. ಟಕ್ ಅಂತ ಸೂಜಿ ಮುರಿಯಿತು. ತುಂಡು ಎಲ್ಲಿ ಹೋಯಿತು ಅಂತ ಮೊದಲು ಹುಡುಕಿ ತೆಗೆದೆವು. ಮೆಷಿನ್ನಿನೊಳಗೆ ಬಿದ್ದರೆ ಕೊಕ್ಕೆ ಹಾಳಾಗುತ್ತದೆ, ಬಟ್ಟೆಯಲ್ಲಿ ಉಳಿದರೆ ಕೈಗೆ ಚುಚ್ಚುತ್ತದೆ.

ಮೆಷಿನ್ನಿಗೆ ಹಾಕಿದ್ದು 14ನೇ ನಂಬರಿನ ಸೂಜಿ. ಪೊಟ್ಟಣದ ಮೇಲೆ 90/14 ಅಂತ ಇರುತ್ತದೆ, ಅಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. ಜೀನ್ಸಿಗೆ 100/16 ಬೇಕು. ಮೆಷಿನ್ ಸೂಜಿಗೆ ನಂಬರ್ ಏರಿದರೆ ದಪ್ಪ ಏರುತ್ತದೆ, ಕೈಸೂಜಿಗೆ ನಂಬರ್ ಏರಿದರೆ ಸೂಜಿ ತೆಳುವಾಗುತ್ತದೆ. ಈ ಉಲ್ಟಾ ಲೆಕ್ಕ ಮೊದಲು ಗೊತ್ತಾಗದೆ ಒಂದು ಸಲ ತಪ್ಪು ಸೂಜಿ ತಂದಿದ್ದೆ. ಚಿಕ್ಕಮ್ಮ ದಪ್ಪ ಸೂಜಿ ಹಾಕಿ, ಆ ಗುಡ್ಡದಂತಿದ್ದ ಜಾಗವನ್ನು ಸಣ್ಣ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಪಾದ ಗುಡ್ಡ ಹತ್ತುವಾಗ ಹಿಂದಕ್ಕೆ ಬಾಗುತ್ತದೆ, ಅದರ ಹಿಂದುಗಡೆ ಮಡಿಸಿದ ಜೀನ್ಸಿನ ಚೂರು ಇಟ್ಟರೆ ಮಟ್ಟಸವಾಗಿ ನಿಲ್ಲುತ್ತದೆ. ದಾಟುವಷ್ಟು ದೂರ ಕಾಲು ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಒಂದೊಂದು ಹೊಲಿಗೆಯೂ ಇಳಿಯುವುದು ಕೈಗೆ ಗೊತ್ತಾಗುತ್ತಿತ್ತು.

ಚೀಲ ನೆಲದ ಮೇಲೆ ನಿಲ್ಲಬೇಕಾದರೆ ಅಡಿಗೆ ಅಗಲ ಬೇಕು. ಅಡಿಯ ಹೊಲಿಗೆ ಮುಗಿಸಿ, ಚೀಲ ಉಲ್ಟಾ ಇರುವಾಗಲೇ ಮೂಲೆಯನ್ನು ಹಿಡಿದು ಪಕ್ಕದ ಹೊಲಿಗೆಯೂ ಅಡಿಯ ಹೊಲಿಗೆಯೂ ಒಂದರ ಮೇಲೊಂದು ಬರುವ ಹಾಗೆ ಚಪ್ಪಟೆ ಮಾಡಬೇಕು. ಮೂಲೆ ತ್ರಿಕೋನವಾಗುತ್ತದೆ. ತುದಿಯಿಂದ 5 ಸೆಂಟಿಮೀಟರ್ ಒಳಗೆ ಅಡ್ಡಗೆರೆ ಎಳೆದರೆ ಆ ಗೆರೆಯ ಉದ್ದ 10 ಸೆಂಟಿಮೀಟರ್ ಬರುತ್ತದೆ. ಅದೇ ಚೀಲದ ಅಡಿಯ ಅಗಲ. ಗೆರೆಯ ಮೇಲೆ ಎರಡು ಸಲ ಹೊಲಿದು ತುದಿ ಕತ್ತರಿಸಿದೆ. ತಿರುಗಿಸಿದಾಗ ಚಪ್ಪಟೆಯಾಗಿದ್ದ ಚೀಲಕ್ಕೆ ಒಮ್ಮೆಲೇ ಪೆಟ್ಟಿಗೆಯ ಆಕಾರ ಬಂತು. ಹೊಲಿಗೆಯಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಇದು. ಒಳಗಿಂದ ಹೊರಗೆ ತಿರುಗಿಸುವ ತನಕ ಏನಾಗಿದೆ ಅಂತ ಪೂರ್ತಿ ಗೊತ್ತಾಗುವುದಿಲ್ಲ.

ಹೆಗಲಪಟ್ಟಿಯ ತುದಿಗಳಿಗೆ ಚೌಕ ಹೊಲಿದು, ಚೌಕದೊಳಗೆ ಗುಣಿಸು ಚಿಹ್ನೆಯ ಹಾಗೆ ಅಡ್ಡಡ್ಡ ಹೊಲಿದೆ. ಭಾರ ಒಂದೇ ಸಾಲಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಮೂರು ದಪ್ಪ ಪುಸ್ತಕ, ನೀರಿನ ಬಾಟಲಿ ಹೊತ್ತು ಇಡೀ ಸೆಮಿಸ್ಟರ್ ಓಡಾಡಿದ್ದೇನೆ.

ಝಿಪ್ ಪೌಚು ಮಾಡಿದ್ದೂ ಆಗಲೇ. ಅದರ ಬಗ್ಗೆ ಒಂದೇ ಮಾತು. ಕೊನೆಯ ಸುತ್ತು ಹೊಲಿಯುವ ಮೊದಲು ಝಿಪ್ಪನ್ನು ಅರ್ಧ ತೆರೆದಿಡಿ. ಮುಚ್ಚಿಟ್ಟು ಹೊಲಿದರೆ ಪೌಚು ಉಲ್ಟಾ ಇರುವಾಗಲೇ ಬೀಗ ಹಾಕಿದ ಹಾಗೆ, ಸೀದಾ ಮಾಡಲು ದಾರಿ ಇರುವುದಿಲ್ಲ.

ಹಾಸ್ಟೆಲಿಗೆ ಮರಳಿದ ಮೇಲೆ ಮೆಷಿನ್ ಇರಲಿಲ್ಲ. ಚೂರು ಬಟ್ಟೆ ಮಾತ್ರ ಬೇಕಾದಷ್ಟು ಇತ್ತು. ಹೋದ ವರ್ಷದ ನೋಟ್ ಪುಸ್ತಕಗಳಲ್ಲಿ ಬರೆಯದ ಹಾಳೆಗಳೂ ಇದ್ದವು. ಹಾಳೆಗಳನ್ನು ಎಂಟೆಂಟು ಸೇರಿಸಿ ಮಧ್ಯಕ್ಕೆ ಮಡಿಸಿದರೆ 32 ಪುಟದ ಪುಸ್ತಕ. ದಪ್ಪ ಕಾಗದಕ್ಕೆ ಬಟ್ಟೆ ಅಂಟಿಸಿ ರಟ್ಟು ಮಾಡಿದೆ. ಮಡಿಕೆಯಲ್ಲಿ ಮೂರು ತೂತು, ನಡುವೆ ಒಂದು, ಎರಡು ತುದಿಗಳಿಂದ 3 ಸೆಂಟಿಮೀಟರ್ ಒಳಗೆ ಒಂದೊಂದು. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬರಬೇಕು, ಮೇಲಿನ ತೂತಿನಲ್ಲಿ ಒಳಗೆ ಹೋಗಬೇಕು, ಒಳಗಡೆ ಉದ್ದಕ್ಕೆ ಸಾಗಿ ಕೆಳಗಿನ ತೂತಿನಲ್ಲಿ ಹೊರಗೆ ಬಂದು, ಮತ್ತೆ ನಡುವಿನ ತೂತಿನಲ್ಲಿ ಒಳಗೆ. ಈಗ ಒಳಗೆ ಒಂದು ಉದ್ದ ಹೊಲಿಗೆ, ಅದರ ಅತ್ತ ಒಂದು ತುದಿ, ಇತ್ತ ಒಂದು ತುದಿ. ಆ ಹೊಲಿಗೆಯನ್ನು ನಡುವೆ ಹಿಡಿದು ಗಂಟು ಹಾಕಿದರೆ ಮುಗಿಯಿತು. ದಾರಕ್ಕೆ ಮೇಣದಬತ್ತಿ ಒಂದೆರಡು ಸಲ ಉಜ್ಜಿಕೊಂಡರೆ ತೊಡಕು ಬೀಳುವುದಿಲ್ಲ, ಗಂಟೂ ಜಾರುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಓದಿ ಓದಿ ತಲೆ ಭಾರವಾದಾಗ ಇಂಥ ಆರು ಪುಸ್ತಕ ಹೊಲಿದೆ. ಒಂದಕ್ಕೆ ಇಪ್ಪತ್ತು ನಿಮಿಷ ಸಾಕು. ಗೆಳತಿಯರ ಹುಟ್ಟುಹಬ್ಬಕ್ಕೆ ನಾಲ್ಕು ಹೋದವು.

ಹೋದ ವಾರ ಜೂನಿಯರ್ ಒಬ್ಬಳು ಬಾಗಿಲ ಹತ್ತಿರ ಬಂದು ನಿಂತಳು. ಬೆನ್ನಿಗೆ ಹಾಕುವ ಬ್ಯಾಗಿನ ಪಟ್ಟಿ ಬುಡದಲ್ಲೇ ಕಿತ್ತುಬಂದಿತ್ತು. "ಅಕ್ಕಾ, ಇದನ್ನ ಹೊಲಿದು ಕೊಡ್ತೀರಾ?" ಅಂದಳು. ಅವಳೇ ಮೊದಲು ಹೊರಗಿನಿಂದ ಹೊಲಿದು ನೋಡಿದ್ದಳು, ಎರಡು ದಿನಕ್ಕೆ ಮತ್ತೆ ಕಿತ್ತಿತ್ತು. ಒಳಗಿನ ಸಾಮಾನೆಲ್ಲ ಮಂಚದ ಮೇಲೆ ಸುರಿಸಿ, ಬ್ಯಾಗನ್ನು ಪೂರ್ತಿ ಉಲ್ಟಾ ಮಾಡಿಸಿದೆ. ಪಟ್ಟಿ ಹಿಂದಿನ ಬಟ್ಟೆಯ ಎರಡು ಪದರದ ನಡುವೆ ಸಿಕ್ಕಿಸಿ ಹೊಲಿದದ್ದು. ಅದರ ಮೇಲೆ ಒಳಗಿನ ಅಸ್ತರು ಮುಚ್ಚಿಕೊಂಡಿತ್ತು. "ಮೊದಲು ಅಸ್ತರಿನ ಹೊಲಿಗೆ ಒಂದು ಗೇಣು ಬಿಚ್ಚೋಣ" ಅಂದೆ. ಅವಳಿಗೆ ಹೆದರಿಕೆ. ಇನ್ನೂ ಹಾಳಾದರೆ? ಸೂಜಿ ಅವಳ ಕೈಗೇ ಕೊಟ್ಟೆ. ಮೂರು ಹೊಲಿಗೆಗೆ ಒಂದರಂತೆ ಎತ್ತಿ ಕತ್ತರಿಸಿದಳು. ಅಸ್ತರು ಸರಿಸಿದಾಗ ಪಟ್ಟಿಯ ಹರಿದ ತುದಿ ಒಳಗೆ ಕೂತಿದ್ದು ಕಂಡಿತು. ನನ್ನ ಜೀನ್ಸಿನ ಚೂರೊಂದನ್ನು ಹಿಂದೆ ಆಸರೆಗೆ ಇಟ್ಟು, ಎರಡೆಳೆ ದಾರದಲ್ಲಿ ಹಿಂಹೊಲಿಗೆ ಹಾಕಲು ತೋರಿಸಿದೆ. ನಾಲ್ಕು ಹೊಲಿಗೆ ನಾನು ಹಾಕಿದೆ, ಮಿಕ್ಕದ್ದು ಅವಳು.

ಅವಳ ಹೊಲಿಗೆ ಸ್ವಲ್ಪ ದೊಡ್ಡದು, ಆದರೆ ಬಿಗಿಯಾಗಿದೆ. ಚೌಕ ಮುಗಿದಿದೆ, ಒಳಗಿನ ಅಡ್ಡಗೆರೆಗಳು ಇನ್ನೂ ಆಗಬೇಕು, ಆಮೇಲೆ ಅಸ್ತರು ಮುಚ್ಚಬೇಕು. ಅವಳಿಗೆ ಇಂಟರ್ನಲ್ಸ್ ಇದೆ. ಬ್ಯಾಗು ಉಲ್ಟಾ ಆಗಿಯೇ ನನ್ನ ಕುರ್ಚಿಯ ಮೇಲಿದೆ, ಸೂಜಿ ಅದರಲ್ಲೇ ಚುಚ್ಚಿದೆ. ಪುಸ್ತಕ ತರಲು ಅಲ್ಲಿಯ ತನಕ ನನ್ನ ಜೀನ್ಸಿನ ಚೀಲ ಕೊಟ್ಟಿದ್ದೇನೆ. ಶನಿವಾರ ಸಂಜೆ ಬರುತ್ತೇನೆ ಅಂದಿದ್ದಾಳೆ.